ಬಿಚ್ಚಿ ನೋಡಬಹುದಾದದ್ದು

ತಾಲ್ಲೂಕು ಕಚೇರಿ ಎದುರು, ಜೆರಾಕ್ಸ್ ಅಂಗಡಿಗೂ
ದಸ್ತಗೀರ್ ಸಾಬರ ಸ್ಟೌವ್ ರಿಪೇರಿಗೂ ನಡುವೆ
ಆರಡಿ ಅಗಲ ನನ್ನದು.
ಒಂದು ಕಂಪ್ಯೂಟರು, ಒಂದು ಪ್ರಿಂಟರು, ಛಾಪಾ ಕಾಗದದ ಕಟ್ಟು,
ಮಿಕ್ಕದ್ದೆಲ್ಲ ದುರ್ಗದ ಬಿಸಿಲು.

ಎರಡು ವರ್ಷದಿಂದ ಪರದೆಯ ಬಲಮೂಲೆಯಲ್ಲಿ
ಒಂದು ಮಾತು ಕದಲದೆ ನಿಂತಿತ್ತು:
ಈ ಪ್ರತಿ ಅಸಲಿಯಲ್ಲ.
ಗಿರಾಕಿಗೆ ಕಾಣದಿರಲೆಂದು ಅಲ್ಲಿಗೊಂದು
ಏಕನಾಥೇಶ್ವರಿಯ ಸ್ಟಿಕ್ಕರ್ ಅಂಟಿಸಿದ್ದೆ.
ಸತ್ಯಪ್ರಮಾಣ ಬರೆಯುವ ಮಿಷನ್ನೇ ಕಳ್ಳಮಾಲು.
ಅಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಆಮೇಲೆ ಅದು ಏದುಸಿರು ಬಿಡತೊಡಗಿತು.
'ಕ' ಒತ್ತಿ ಟೀ ಕುಡಿದು ಬಂದರೆ
ಆಗಷ್ಟೇ 'ಕ' ಬಂದಿರುತ್ತಿತ್ತು.

"ಇದಕ್ಕೆ ರೋಗ ಇಲ್ಲ ಆಂಟಿ, ಹೊರೆ ಜಾಸ್ತಿ,"
ಅಂದಳು ಸಾಬರ ಮಗಳು ನಸ್ರೀನ್, ಪಾಲಿಟೆಕ್ನಿಕ್ಕಿನವಳು.
ಕೈಯಲ್ಲೊಂದು ಪೆನ್‌ಡ್ರೈವ್. ಒಳಗೆ ಲಿನಕ್ಸ್ ಅಂತೆ.
ಎಷ್ಟು, ಅಂದೆ.
ಕಾಸಿಲ್ಲ, ಅಂದಳು.
ಕಾಸಿಲ್ಲದ್ದನ್ನು ನಂಬಿ ಗೊತ್ತಿಲ್ಲ ನನಗೆ.
ಪಕ್ಕದಿಂದ ಸಾಬರು, ಬರ್ನರ್ ಊದುತ್ತಲೇ:
"ಕಾಸಿನ ಮಾತು ಬಿಡು ಪಾಲಮ್ಮ, ಬಿಚ್ಚಾಕ್ ಬರ್ತದಾ ಕೇಳು.
ಬಿಚ್ಚಾಕ್ ಬರ್ದಿರೋ ಸ್ಟೌವ್ ನಾನು ಮುಟ್ಟಲ್ಲ."
"ಬರ್ತದೆ ಅಬ್ಬಾ. ಯಾರು ಬೇಕಾದ್ರೂ."

ಮೊದಲು ಎತ್ತಿಡುವ ಕೆಲಸ.
ಹನ್ನೊಂದು ವರ್ಷದ ಬಾಡಿಗೆ ಕರಾರು, ವಂಶವೃಕ್ಷ, ಲಗ್ನಪತ್ರಿಕೆ,
ಹೊಳಲ್ಕೆರೆ ಅಣ್ಣತಮ್ಮಂದಿರ ವಿಭಾಗಪತ್ರ
(ಇನ್ನೂ ದುಡ್ಡು ಕೊಟ್ಟಿಲ್ಲ ಇಬ್ಬರೂ)
ಎಲ್ಲಾ ಹೆಬ್ಬೆರಳಷ್ಟು ಡಬ್ಬಿಗೆ ಇಳಿದವು.
ಎರಡು ಕಡೆ ಇಡಬೇಕಂತೆ.
ಇನ್ನೊಂದನ್ನು ಮನೆಯ ರಾಗಿ ಡಬ್ಬದಲ್ಲಿ ಹೂತೆ.

ಒಳಗೆ ಇಳಿಸದೆಯೂ ನೋಡಬಹುದು, ಅಂದಳು.
ಬಾಡಿಗೆ ಮನೆ ನೋಡಲು ಹೋದವರ ಹಾಗೆ
ನಲ್ಲಿ ತಿರುಗಿಸಿದೆವು, ಸ್ವಿಚ್ಚು ಒತ್ತಿದೆವು.
ಸದ್ದು ಬಂತು. ವೈಫೈ ಬಂತು. ಕನ್ನಡ ಬಂತು.
ಪ್ರಿಂಟರ್ ಬರಲಿಲ್ಲ.

ಮೂರನೇ ದಿನ ಅದು ಕೇಳಿತು:
ಡಿಸ್ಕ್ ಪೂರ್ತಿ ಅಳಿಸಲೇ?
ಓದಲು ಬಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವರ ಮುಖ
ಈ ಮೇಜಿನಾಚೆ ಎಷ್ಟು ಸಲ ನೋಡಿದ್ದೇನೆ.
ಅವತ್ತು ಅದು ನನ್ನ ಮುಖ.
ಒತ್ತಿದೆ.

ಪಾಸ್‌ವರ್ಡ್ ಕೇಳಿತು. ಟೈಪ್ ಮಾಡಿದರೆ ಏನೂ ಇಲ್ಲ,
ಒಂದು ಚುಕ್ಕಿಯೂ ಇಲ್ಲ.
ಕೀಬೋರ್ಡ್ ಬೋರಲು ಹಾಕಿ ತಟ್ಟಿದೆ,
ಮಂಡಕ್ಕಿ ಚೂರು ಉದುರಿತು.
"ಅದು ಹಾಗೇ ಆಂಟಿ, ಕಾಣದಿದ್ರೂ ಹೋಗ್ತಿದೆ."
ಕೋಟೆ ಮೇಲಿನ ನೀರು ಸಂತೆ ಹೊಂಡಕ್ಕೆ ಇಳಿಯುವ ಹಾಗೆ,
ಅಂದುಕೊಂಡೆ. ಒಳದಾರಿ ನಾನಂತೂ ಕಂಡಿಲ್ಲ,
ಹೊಂಡ ಮಾತ್ರ ತುಂಬಿದ್ದು ಕಂಡಿದ್ದೇನೆ.

ಹಳೆಯ ಫೈಲು ತೆಗೆದೆ, ಎದೆ ಧಸಕ್ಕೆಂದಿತು.
'ಶ್ರೀ' ಇರಬೇಕಾದಲ್ಲಿ ಎರಡರ ಘಾತ, ಯಾವ ದೇಶದ್ದೋ ಕೊಂಬು,
ವಧುವಿನ ಹೆಸರಿಗೆ ಜಾಲಿಮುಳ್ಳಿನ ಬೇಲಿ.
ನುಡಿ ಫಾಂಟಿನಲ್ಲಿ ಬರೆದದ್ದಲ್ಲವೇ, ಹೊಸಬನಿಗೆ ತಿಳಿಯದು.
ಅಳು ಬಂತು. ಅಂಗಡಿಯಾದ್ದರಿಂದ ಅಳಲಿಲ್ಲ.
ಯೂನಿಕೋಡಿಗೆ ತಿರುಗಿಸುವ ಸಾಧನ ಹುಡುಕಿ ತಂದಳು ಹುಡುಗಿ,
ಅದನ್ನೂ ಯಾರೋ ಮಾಡಿ ಸುಮ್ಮನೆ ಬಿಟ್ಟು ಹೋಗಿದ್ದರು,
ದಾರಿಬದಿ ಅರವಟ್ಟಿಗೆಯ ಹಾಗೆ.
ಒಂದೊಂದೇ ಅಕ್ಷರ ಮನೆಗೆ ಬಂತು.
ಅರ್ಕಾವೊತ್ತು ಎರಡು ಕಡೆ ಜಾರಿತ್ತು,
ಕೈಯಿಂದ ಎತ್ತಿ ಕೂರಿಸಿದೆ.

ಸಂಜೆ ಶಟರ್ ಅರ್ಧ ಇಳಿಸಿ, ಕರಿ ಪರದೆಯ ಮುಂದೆ ಕೂತು
ಅವಳು ಕಲಿಸಿದ ಒಂದೇ ಆಜ್ಞೆ ಒತ್ತಿದೆ: ಹೂ ಆಮ್ ಐ.
ಅಂದರೆ, ನಾನು ಯಾರು.
ಮೂವತ್ತು ವರ್ಷ ಅದನ್ನೇ ಅಲ್ಲವೇ ಬೆರಳು ಸವೆಸಿದ್ದು?
ನಾನು, ಇಂಥವರ ಮಗಳು, ಇಂಥವರ ಹೆಂಡತಿ,
ಇಷ್ಟು ವಯಸ್ಸು, ಇಂಥ ಕಸುಬು, ಇಂಥಲ್ಲಿ ವಾಸ,
ಪ್ರಮಾಣೀಕರಿಸಿ ಹೇಳುವುದೇನೆಂದರೆ.
ಅದು ಅಷ್ಟೆಲ್ಲ ಕೇಳಲಿಲ್ಲ.
ಕೆಳಗಿನ ಸಾಲಿಗೆ ಇಳಿದು
ಪಾಲಮ್ಮ, ಅಂತು.

ಸಾಕ್ಷಿ ಇಲ್ಲ, ಸೀಲಿಲ್ಲ.
ಪ್ರಿಂಟ್ ತೆಗೆದು ಗೋಡೆಗೆ ಅಂಟಿಸೋಣ ಅಂದರೆ
ಪ್ರಿಂಟರ್‌ಗೆ ಇನ್ನೂ ಮುನಿಸು.